ಅತ್ತೆಯ ಹೆಸರಲ್ಲಿ ಅಳಿಯನ ತಾಳ

"ಒಂದು ವಾರ! ಒಂದೇ ಒಂದು ವಾರ ಸಾಕು ನನಗೆ. ನೂರಕ್ಕೆ ನೂರು ತೆಗೀದೇ ಹೋದ್ರೆ ಆಮೇಲೆ ಕೇಳಿ!"

ಊಟದ ಮೇಜಿನ ಮುಂದೆ ಚಮಚವನ್ನು ಕತ್ತಿಯಂತೆ ಮೇಲೆತ್ತಿ ಹೀಗೆ ಘೋಷಿಸಿದವರು ಸೆಕೆಂಡು ಸಾಹೇಬರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಬೀದಿಯವರು ಅದನ್ನು ಎಂದೋ ಮರೆತಿದ್ದರು. ಕಸುಬು ಗಡಿಯಾರ ರಿಪೇರಿ. ಕೆಳಗೆ ಅಂಗಡಿ, ಮಹಡಿಯ ಮೇಲೆ ಮನೆ. ಯಾರಾದರೂ ಪಾಪ "ಗಂಟೆ ಎಷ್ಟಾಯ್ತು?" ಎಂದು ಕೇಳಿದರೆ ಸೆಕೆಂಡಿನ ಸಮೇತ ಹೇಳಿ, "ನಿಮ್ಮ ವಾಚು ನಲವತ್ತು ಸೆಕೆಂಡು ಹಿಂದಿದೆ, ಗೊತ್ತಾ?" ಎಂದು ಕೇಳಿದವರನ್ನೇ ತಪ್ಪಿತಸ್ಥರನ್ನಾಗಿ ಮಾಡಿ ಕಳಿಸುವ ಸ್ವಭಾವ. ಬಿರುದು ಬಂದದ್ದು ಅದರಿಂದ.

ಘೋಷಣೆಗೆ ಕಾರಣವಾದದ್ದು ಅತ್ತೆಯವರು, ಅಂದರೆ ಹೆಂಡತಿಯ ತಾಯಿ. ಅವರು ಆ ದಿನ ಬೆಳಿಗ್ಗೆ ಒಂದು ಆಟದಲ್ಲಿ ಎಂಬತ್ತೆಂಟು ಅಂಕ ತೆಗೆದಿದ್ದರು.

ಆಟ ಎಂದರೆ ಸುಮ್ಮನೆ ಆಟವಲ್ಲ. ಐದು ತಿಂಗಳ ಹಿಂದೆ ಅತ್ತೆಗೆ ಲಘುವಾಗಿ ಲಕ್ವ ಹೊಡೆದು ಬಲಗೈ ಸೋತಿತ್ತು. ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದು, ಬೀದಿಯ ಅರ್ಧ ಜನರ ಮೈ ಅಳತೆಯನ್ನು ಬಾಯಿಪಾಠ ಹೇಳುತ್ತಿದ್ದ ಕೈ ಅದು. ಈಗ ಮೆಷಿನ್ ಹಾಲ್‌ನ ಕಿಟಕಿ ಪಕ್ಕದಲ್ಲಿ ಹಳೇ ದುಪ್ಪಟಿ ಹೊದ್ದು ಕುಳಿತಿತ್ತು. ಬೆರಳಿಗೆ ಸೂಜಿ ಚುಚ್ಚಿಕೊಂಡೀತೆಂದು ಫಿಸಿಯೋ ಮೇಡಂ ಅದನ್ನು ಮುಟ್ಟಕೂಡದು ಎಂದಿದ್ದರು. ಬದಲಿಗೆ ಕ್ಲಿನಿಕ್ಕಿನಿಂದ ಒಂದು ಪರದೆ, ಅದಕ್ಕೆ ತಗುಲಿಸಿದ ನಾಲ್ಕು ದೊಡ್ಡ ಗುಂಡಿಗಳ ಹಲಗೆ, ಅದರೊಳಗೆ ಒಂದು ಆಟ ಕೊಟ್ಟು ಕಳಿಸಿದ್ದರು. ಹಾಡು ಬರುತ್ತದೆ, ಹಾಡಿನ ತಾಳಕ್ಕೆ ಸರಿಯಾಗಿ ಗುಂಡಿ ಒತ್ತಬೇಕು. ದಿನಕ್ಕೆ ಮೂರು ಆಟ. "ನಲವತ್ತು ದಿನದ ಸರಾಸರಿ ಎಂಬತ್ತರ ಮೇಲೆ ಇದ್ದರೆ ಮೆಷಿನ್ ಮೇಲಿನ ದುಪ್ಪಟಿ ತೆಗೀರಿ" ಎಂದು ಮೇಡಂ ಮಾತು ಕೊಟ್ಟಿದ್ದರು. ಮೂವತ್ತೊಂದು ದಿನ ಮುಗಿದಿತ್ತು. ಸರಾಸರಿ ಎಂಬತ್ತನಾಲ್ಕು. ಇನ್ನು ಒಂಬತ್ತೇ ದಿನ! ಅತ್ತೆಯವರು ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು, ಅದೂ ಬಲಗೈ ಬೆರಳಲ್ಲೇ.

ಸಾಹೇಬರಿಗೆ ಉರಿದದ್ದು ಎಂಬತ್ತೆಂಟರಿಂದಲ್ಲ. ಆಟ ಯಾವುದು ಎಂಬುದರಿಂದ.

"ಏಳು ಬೀಗದ ಕೋಟೆ" ಎಂಬ ವಿಡಿಯೋ ಗೇಮ್ ಇದೆ. ಸಾಹೇಬರಿಗೆ ಹನ್ನೊಂದು ವರ್ಷವಿದ್ದಾಗ ಮೊದಲ ಭಾಗ ಬಂತು, ಈಗ ಸಾಹೇಬರಿಗೆ ನಲವತ್ತಮೂರು, ಕೋಟೆಗೆ ಹದಿನಾಲ್ಕು ಭಾಗ. ಕೀಲಿವೀರ ಎಂಬ ಶೂರ, ಬೀಗಾಸುರ ಎಂಬ ದುಷ್ಟ. ಹದಿನಾಲ್ಕು ಭಾಗದಲ್ಲೂ ಒಬ್ಬರನ್ನೊಬ್ಬರು ಕಡಿಯುವುದೇ ಕೆಲಸ. ಹದಿನಾಲ್ಕನ್ನೂ ಆಡಿ ಮುಗಿಸಿದವರು ಈ ಬೀದಿಯಲ್ಲಿ ತಾವೊಬ್ಬರೇ ಎಂಬುದು ಸಾಹೇಬರ ಜೀವನದ ದೊಡ್ಡ ಸಾಧನೆ. ಅಂಥ ಘನ ಸರಣಿಯವರು ಈ ಸಲ ಮಗ್ಗುಲಲ್ಲಿ ಒಂದು ಮರಿ ಹಾಕಿದ್ದರು. ಹೆಸರು "ಕೋಟೆ ಕುಣಿತ". ಅದರಲ್ಲಿ ಯುದ್ಧವಿಲ್ಲ, ರಕ್ತವಿಲ್ಲ. ಬಣ್ಣಬಣ್ಣದ ಬೀಗಗಳು ತಾಳಕ್ಕೆ ಸರಿಯಾಗಿ ಉರುಳಿ ಬರುತ್ತವೆ, ಹಳದಿ ಗೆರೆ ಮುಟ್ಟಿದ ಕ್ಷಣ ಗುಂಡಿ ಒತ್ತಿದರೆ ಬೀಗ ತೆರೆಯುತ್ತದೆ, ಕೀಲಿವೀರ ಒಂದು ಹೆಜ್ಜೆ ಕುಣಿಯುತ್ತಾನೆ. ಯಾರ ಜೊತೆ? ಬೀಗಾಸುರನ ಜೊತೆ! ಕೈ ಕೈ ಹಿಡಿದುಕೊಂಡು!

"ಮೂವತ್ತೆರಡು ವರ್ಷ ಅವನನ್ನ ಕೊಂದು ಕೊಂದು ನನ್ನ ಹೆಬ್ಬೆರಳು ಸವೆದಿದೆ. ಈಗ ಅವನ ಜೊತೆ ಡ್ಯಾನ್ಸಾ! ಇದು ಮಕ್ಕಳಾಟ. ಕಣ್ಣು ಮುಚ್ಕೊಂಡು ನೂರು ತೆಗೀಬಹುದು" ಎಂದರು ಸಾಹೇಬರು.

"ಆಡಿ ಅಳಿಯಂದಿರೇ, ನಿಮ್ಮ ಕೈಲಾಗದ್ದು ಏನಿದೆ?" ಎಂದರು ಅತ್ತೆ. ಕೊಂಕಿಲ್ಲದ ಮಾತು ಅದು. ಅಳಿಯನ ಬಡಾಯಿಯನ್ನು ಪೂರ್ತಿ ನಂಬುತ್ತಿದ್ದ ಏಕೈಕ ಜೀವ ಈ ಅತ್ತೆ.

"ರೀ, ಅದು ಆಟ ಅಲ್ಲ, ಅಮ್ಮನ ಔಷಧಿ. ಮುಟ್ಟಬೇಡಿ" ಎಂದಳು ಹೆಂಡತಿ. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಯಾರ ಔಷಧಿಯನ್ನು ಯಾರು ಮುಟ್ಟಬಾರದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

"ಯಾರು ಮುಟ್ತಾರೆ ಬಿಡೇ!" ಎಂದರು ಸಾಹೇಬರು.

ಮರುದಿನ ಮಧ್ಯಾಹ್ನವೇ ಮುಟ್ಟಿದರು.

ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಅತ್ತೆ ಊಟ ಮಾಡಿ ಮಲಗಿದ್ದರು. ಅಂಗಡಿಯ ಬಾಗಿಲಿಗೆ "ಈಗ ಬರುತ್ತೇನೆ" ಎಂಬ ಫಲಕ ತೂಗುಹಾಕಿ, ಸಾಹೇಬರು ಬೆಕ್ಕಿನ ಹೆಜ್ಜೆಯಲ್ಲಿ ಮಹಡಿ ಹತ್ತಿ, ಪರದೆ ಮತ್ತು ಹಲಗೆಯನ್ನು ಎತ್ತಿಕೊಂಡು ಕೆಳಗಿಳಿದರು. ಹಲಗೆಯ ಹಿಂಭಾಗದಲ್ಲಿ ಕ್ಲಿನಿಕ್ಕಿನವರು ಏನೋ ಸೂಚನೆಯ ಚೀಟಿ ಅಂಟಿಸಿದ್ದರು. ಹದಿನಾಲ್ಕು ಭಾಗ ಮುಗಿಸಿದವರು ಸೂಚನೆ ಓದುತ್ತಾರೆಯೇ? ಓದಲಿಲ್ಲ.

ಆಟ ತೆರೆಯಿತು. "ಹೊಸ ಆಟಗಾರ" ಎಂದು ಒತ್ತಿದರೆ ಮೊದಲ ಮೆಟ್ಟಿಲಿನಿಂದ ಶುರು ಮಾಡಬೇಕಂತೆ. ಅಲ್ಲಿ ಒಂದು ಬಾತುಕೋಳಿ ಬಂದು ಗುಂಡಿ ಒತ್ತುವುದು ಹೇಗೆಂದು ಹೇಳಿಕೊಡುತ್ತದೆ. ಬಾತುಕೋಳಿ! ಕೀಲಿವೀರನ ಮೂವತ್ತೆರಡು ವರ್ಷದ ಒಡನಾಡಿಗೆ! ಅತ್ತೆಯ ಹೆಸರಿನಲ್ಲಾದರೋ ಹನ್ನೆರಡು ಹಾಡುಗಳು ಆಗಲೇ ತೆರೆದಿದ್ದವು. ಸಾಹೇಬರು ಅತ್ತೆಯ ಹೆಸರಿನ ಮೇಲೆ ಒತ್ತಿದರು. ಮುಂದಿನ ಸಕಲ ಅನಾಹುತಕ್ಕೂ ಆ ಒಂದು ಒತ್ತು ಕಾರಣ. ಅವರು ಆ ಆಟದಲ್ಲಿ ಸರಿಯಾದ ಜಾಗಕ್ಕೆ ಒತ್ತಿದ್ದು ಬಹುಶಃ ಅದೊಂದೇ.

ಹಾಡು ಶುರುವಾಯಿತು. ಬೀಗಗಳು ಉರುಳಿ ಬಂದವು. ಸಾಹೇಬರು ಒತ್ತಿದರು.

"ಬೇಗ ಆಯ್ತು!" ಎಂದಿತು ಪರದೆ. ಕೀಲಿವೀರ ಮುಗ್ಗರಿಸಿದ. ಇನ್ನೊಂದು ಒತ್ತಿದರು. "ತಡ ಆಯ್ತು!" ಕೀಲಿವೀರ ಕುಂಡೆಯೂರಿ ಕುಳಿತ. ಮತ್ತೊಂದು. "ತಪ್ಪಿತು!" ಬೀಗಾಸುರ ಪಕ್ಕಕ್ಕೆ ಸರಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಡು ಮುಗಿದಾಗ ಅಂಕ ಬಂತು: ಇಪ್ಪತ್ತೆರಡು.

ಇಪ್ಪತ್ತೆರಡು! ಹಲಗೆ ಕೆಟ್ಟಿದೆ ಎಂದುಕೊಂಡರು. ಗುಂಡಿಗಳನ್ನು ಒರೆಸಿದರು. ಇನ್ನೊಮ್ಮೆ ಆಡಿದರು. ಇಪ್ಪತ್ತು.

ತಪ್ಪು ಹಲಗೆಯದಲ್ಲ. ಹದಿನಾಲ್ಕು ಭಾಗದಲ್ಲಿ ಸಾಹೇಬರು ಕಲಿತ ವಿದ್ಯೆ ಒಂದೇ, ಎದುರಾಳಿಗಿಂತ ಮೊದಲೇ ಹೊಡೆಯುವುದು. ಕಾಯುವುದು ಅವರ ಹೆಬ್ಬೆರಳಿಗೆ ಗೊತ್ತಿರಲಿಲ್ಲ. ಅದರ ಮೇಲೆ ಅಂಗಡಿಯ ಗೋಡೆ ತುಂಬ ಮೂವತ್ತೇಳು ಗಡಿಯಾರ. ದೊಡ್ಡದು ಗಂಭೀರವಾಗಿ, ಚಿಕ್ಕದು ಚಿಟಿಚಿಟಿ, ರಿಪೇರಿಗೆ ಬಂದದ್ದು ಕುಂಟುತ್ತ. ಇಪ್ಪತ್ತು ವರ್ಷದಿಂದ ಎಲ್ಲದಕ್ಕೂ ತಲೆಯಾಡಿಸಿ ತಲೆಯಾಡಿಸಿ ಸಾಹೇಬರ ಕಿವಿ ಯಾವುದೊಂದಕ್ಕೂ ನಿಷ್ಠವಾಗಿ ಉಳಿದಿರಲಿಲ್ಲ. ಸೆಕೆಂಡನ್ನು ಕಣ್ಣಿನಿಂದ ನೋಡಿ ಹೇಳಬಲ್ಲವರು, ಕಿವಿಯಿಂದ ಕೇಳಿ ಹಿಡಿಯಲಾರರು. ಈ ಸತ್ಯ ಅವರಿಗೇ ಗೊತ್ತಿರಲಿಲ್ಲ. ಗೊತ್ತಾದಾಗ ಒಪ್ಪಲಿಲ್ಲ.

ಮೊದಲ ದಿನ ಐದು ಆಟ. ಎರಡನೇ ದಿನ ಹತ್ತು. ಮೂರನೇ ದಿನ ಹನ್ನೆರಡು. ಅತಿ ಹೆಚ್ಚು ಬಂದದ್ದು ಮೂವತ್ತೊಂದು. ಆ ಸಲ ಎದ್ದು ನಿಂತು ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು. ಆ ಚಪ್ಪಾಳೆಯೂ ತಾಳ ತಪ್ಪಿತ್ತು!

ಇತ್ತ ಮಹಡಿಯ ಮೇಲೆ ಬೇರೆಯೇ ಕಥೆ ನಡೆಯುತ್ತಿತ್ತು. ಪ್ರತಿ ಬೆಳಿಗ್ಗೆ ಆಟ ತೆರೆದಾಗ ಕೋಟೆಯ ಮೇಲೊಂದು ಬಾವುಟ ಕಾಣಿಸುತ್ತದೆ, ಅದರ ಮೇಲೆ ಈವರೆಗಿನ ಸರಾಸರಿ. ಎಂಬತ್ತನಾಲ್ಕು ಇದ್ದದ್ದು ಎಂಬತ್ತೊಂದಾಯಿತು, ಮರುದಿನ ಎಪ್ಪತ್ತಾರು. ಅತ್ತೆಯವರು ಬಾವುಟವನ್ನೇ ನೋಡುತ್ತ ಕುಳಿತರು.

"ಇವತ್ತೂ ಎಂಬತ್ತಾರು ಬಂತು. ಆದರೂ ಬಾವುಟ ಇಳೀತಾ ಇದೆ" ಎಂದರು ತಿಂಡಿಯ ಹೊತ್ತಿಗೆ. "ಕೈ ಒಳಗೆ ಏನೋ ಆಗ್ತಿರಬೇಕು. ನನಗೆ ತಿಳೀತಿಲ್ಲ, ಅದಕ್ಕೆ ತಿಳೀತಿದೆ."

ಸಾಹೇಬರು ಬ್ರೆಡ್ಡಿನ ತುಂಡನ್ನು ಬಾಯಲ್ಲಿಟ್ಟುಕೊಂಡು, "ಯಂತ್ರ ಅಂದ ಮೇಲೆ ಹಾಗೇ ಅತ್ತೆ, ಏರೋದು ಇಳಿಯೋದು ಇರುತ್ತೆ" ಎಂದು ತತ್ತ್ವ ಹೇಳಿ ಕೆಳಗಿಳಿದರು. ತಮ್ಮ ಆಟಕ್ಕೂ ಆ ಬಾವುಟಕ್ಕೂ ಸಂಬಂಧವಿದ್ದೀತು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಹೊಳೆಯದೆ ಇದ್ದದ್ದೇ, ಹೊಳೆಯದಂತೆ ನೋಡಿಕೊಂಡದ್ದೇ? ಆಮೇಲೆ ಇದನ್ನು ನೆನೆದು ಅವರು ಬಹಳ ಸಲ ಮುಖ ಮುಚ್ಚಿಕೊಂಡಿದ್ದಾರೆ.

ನಾಲ್ಕನೇ ದಿನ ಬೆಳಿಗ್ಗೆ ಹೆಂಡತಿಯ ಫೋನು ಬಡಿದುಕೊಂಡಿತು. ಫಿಸಿಯೋ ಮೇಡಂ. ಹೆಂಡತಿ ಕೈಗೆ ಸೋಪು ಹತ್ತಿದೆಯೆಂದು ಸ್ಪೀಕರಿಗೆ ಹಾಕಿದಳು.

"ನಿಮ್ಮ ತಾಯಿಯ ಅಂಕಗಳು ದಿನಾ ನಮಗೆ ಬರ್ತವೆ. ಮೂರು ದಿನದಿಂದ ಯಾಕೋ ಸರಿ ಕಾಣ್ತಿಲ್ಲ. ಬೆರಳಿನ ವೇಗ ಚೆನ್ನಾಗೇ ಇದೆ, ಆದರೆ ಕಾಲದ ಅಂದಾಜೇ ಪೂರ್ತಿ ಹೋದ ಹಾಗಿದೆ! ಜೊತೆಗೆ ದಿನಕ್ಕೆ ಮೂರು ಆಟ ಅಂದಿದ್ದೆ, ನಿನ್ನೆ ಹದಿನೈದು ಆಡಿದ್ದಾರೆ."

"ಹದಿನೈದಾ? ಅಮ್ಮಾ, ಹದಿನೈದು ಸಲ ಆಡಿದ್ಯಾ?"

"ಇಲ್ವಲ್ಲೇ! ಮೂರೇ ಆಡಿದ್ದು."

ಮೇಡಂ ದನಿ ತಗ್ಗಿಸಿ, "ಆಡಿದ್ದು ನೆನಪಿರಲ್ವಾ ಅವರಿಗೆ? ಸ್ವಲ್ಪ ಗಮನ ಇಟ್ಟು ನೋಡ್ಕೊಳ್ಳಿ" ಎಂದರು.

ಸಾಹೇಬರು ಕೈಯಲ್ಲಿದ್ದ ಕಾಫಿ ಲೋಟವನ್ನು ತಟ್ಟೆಯ ಮೇಲಿಟ್ಟರು. ಹೇಳಬೇಕಾದದ್ದು ಒಂದೇ ವಾಕ್ಯ: ಅದು ನಾನು. ಮೂರು ಸಲ ಬಾಯಿ ತೆರೆದರು. ಮೊದಲ ಸಲ ಕೆಮ್ಮು ಬಂತು. ಎರಡನೇ ಸಲ ಹೆಂಡತಿ ತಿರುಗಿ ನೋಡಿದಳು, ಬಾಯಿ ತಾನೇ ಮುಚ್ಚಿಕೊಂಡಿತು. ಮೂರನೇ ಸಲ ಹೊರಬಿದ್ದ ಮಾತು ಇದು: "ವಯಸ್ಸಾಯ್ತಲ್ಲ, ಮರೆವು ಸಹಜ."

ಹೌದು, ಹಾಗೆಂದೇ ಹೇಳಿದರು. ಅತ್ತೆಗೆ ಇಲ್ಲದ ಮರೆವನ್ನು ತಾವೇ ಕೊಟ್ಟರು! ಇಂಥ ಅಳಿಯ ಯಾರಿಗೂ ಬೇಡ.

ಆ ದಿನವೆಲ್ಲ ಅತ್ತೆ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಕನ್ನಡಕ ಎಲ್ಲಿಟ್ಟೆ, ಮಾತ್ರೆ ನುಂಗಿದೆನಾ, ಆಟ ಎಷ್ಟು ಸಲ ಆಡಿದೆ ಎಂದು ಒಂದು ಕಾಗದದ ಮೇಲೆ ಗೆರೆ ಎಳೆದಿಟ್ಟುಕೊಂಡರು. ಸಂಜೆ ಅಂಗಡಿಯ ಮೆಟ್ಟಿಲು ಇಳಿದು ಬಂದರು. ಲಕ್ವ ಹೊಡೆದ ಮೇಲೆ ಒಬ್ಬರೇ ಇಳಿದದ್ದು ಅದೇ ಮೊದಲು.

"ಅಳಿಯಂದಿರೇ, ಬಿಡುವಾಗಿದ್ದೀರಾ? ನೀವು ಈ ಆಟದಲ್ಲಿ ಪಳಗಿದವರು. ಇನ್ನು ಐದೇ ದಿನ ಇರೋದು. ಎಲ್ಲಿ ತಪ್ಪುತ್ತೆ ಅಂತ ಸ್ವಲ್ಪ ಹೇಳಿಕೊಡ್ತೀರಾ?"

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಸಾಹೇಬರಿಗೆ. ಆದರೆ ಬಾಯಿ ಬಿಟ್ಟಿದ್ದು ಭೂಮಿಯಲ್ಲ, ಅವರೇ.

"ನೀವು ಕಾಯ್ತೀರಾ ಅತ್ತೆ, ಅದೇ ತಪ್ಪು. ಬೀಗ ಗೆರೆ ಮುಟ್ಟೋ ಮೊದಲೇ ಒತ್ತಬೇಕು. ಧೈರ್ಯವಾಗಿ ಮುನ್ನುಗ್ಗಬೇಕು!"

"ಹಾಗಾ!" ಎಂದರು ಅತ್ತೆ, ಕಣ್ಣರಳಿಸಿ. "ಇದು ನನಗೆ ಹೊಳೆದೇ ಇರಲಿಲ್ಲ ನೋಡಿ."

ಐದನೇ ದಿನ ಬೆಳಿಗ್ಗೆ ಅತ್ತೆಯವರು ಅಳಿಯನ ಉಪದೇಶವನ್ನು ಅಕ್ಷರಶಃ ಪಾಲಿಸಿ ಐವತ್ತೈದು ತೆಗೆದರು. ಮೂರು ಸಲವೂ ಐವತ್ತೈದರ ಆಸುಪಾಸು. ಪರದೆ ಆರಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಈಗಲಾದರೂ ಸಾಹೇಬರು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವರ ತಲೆಗೆ ಒಂದು ಮಹಾ ಯೋಜನೆ ಬಂದಿತ್ತು. ಇಳಿಸಿದವನು ಏರಿಸಲಾರನೇ? ಒಂದು ದಿನ ಪೂರ್ತಿ ಕುಳಿತು, ಬೆವರು ಸುರಿಸಿ, ತೊಂಬತ್ತು ತೊಂಬತ್ತೈದು ಅಂಕದ ಆಟಗಳನ್ನು ಆಡಿ, ಬಾವುಟವನ್ನು ಮತ್ತೆ ಎಂಬತ್ತರ ಮೇಲೆ ಹಾರಿಸಿಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ! ಅಂಗಡಿಗೆ ರಜೆ ಹಾಕಿದರು. ಗೋಡೆಯ ಮೂವತ್ತೇಳು ಗಡಿಯಾರಗಳನ್ನೂ ಒಂದೊಂದಾಗಿ ನಿಲ್ಲಿಸಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅಂಗಡಿ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಸಾಹೇಬರು ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ನಲವತ್ತಮೂರು ಆಟ ಆಡಿದರು. ಸರಾಸರಿ ಹತ್ತೊಂಬತ್ತು! ಅಭ್ಯಾಸ ಮಾಡಿದಷ್ಟೂ ಹದಗೆಡುವ ಅಪರೂಪದ ಪ್ರತಿಭೆ.

ಆರನೇ ದಿನ ಬಾವುಟದ ಮೇಲೆ ಐವತ್ತೆಂಟು. ಎಂಟೂವರೆಗೇ ಫೋನು.

"ನಿನ್ನೆ ಒಂದೇ ದಿನ ನಲವತ್ತಾರು ಆಟ! ಈಗಲೇ ಕರ್ಕೊಂಡು ಬನ್ನಿ" ಎಂದರು ಮೇಡಂ.

ಕ್ಲಿನಿಕ್ಕಿಗೆ ಮೂವರೂ ಹೋದರು. ಹೆಂಡತಿ ತಾಯಿಯ ಕೈ ಹಿಡಿದಿದ್ದಳು, ಸಾಹೇಬರು ಗುಂಡಿಗಳ ಹಲಗೆಯನ್ನು ಎದೆಗವಚಿಕೊಂಡು ಹಿಂದೆ ನಡೆದರು. ಮೇಡಂ ಅತ್ತೆಯ ಮುಂದೆ ತೂತುಗಳ ಹಲಗೆಯೊಂದನ್ನಿಟ್ಟು, ಒಂಬತ್ತು ಕಡ್ಡಿಗಳನ್ನು ಬೇಗ ಬೇಗ ಸಿಕ್ಕಿಸಲು ಹೇಳಿದರು. ಹೋದ ತಿಂಗಳು ಇದನ್ನೇ ಅತ್ತೆ ಹಾಡು ಗುನುಗುತ್ತ ಸಿಕ್ಕಿಸಿದ್ದರಂತೆ. ಇಂದು ಭಯಕ್ಕೆ ಕೈ ನಡುಗಿ ಎರಡು ಕಡ್ಡಿ ನೆಲಕ್ಕೆ ಬಿದ್ದವು.

"ಇವತ್ತು ಯಾವ ವಾರ ಅಮ್ಮ?" ಎಂದು ಕೇಳಿದರು ಮೇಡಂ, ಮಗುವನ್ನು ಕೇಳುವಂತೆ.

"ಗುರುವಾರ" ಎಂದರು ಅತ್ತೆ. ಆಮೇಲೆ ಮಗಳ ಮುಖ ನೋಡಿ, "ಗುರುವಾರ ಅಲ್ವೇನೇ?" ಎಂದರು. ತಾವು ಹೇಳಿದ ವಾರವನ್ನೂ ನಂಬದ ಸ್ಥಿತಿಗೆ ಬಂದಿದ್ದರು. ಗುರುವಾರವೇ ಆಗಿತ್ತು.

ಮೇಡಂ ಪೆನ್ನು ಕೆಳಗಿಟ್ಟರು. "ತಲೆಯ ಸ್ಕ್ಯಾನ್ ಇನ್ನೊಂದು ಸಲ ಮಾಡಿಸೋಣ. ಹೊಲಿಗೆ ಮೆಷಿನ್ ವಿಷಯ ಸದ್ಯಕ್ಕೆ ಮರೆತುಬಿಡಿ."

ಅತ್ತೆ ಅಳಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು, "ಯಾರಿಗಾದರೂ ಕೊಟ್ಟುಬಿಡೋಣ ಕಣೇ ಅದನ್ನ. ಹಾಲ್‌ನಲ್ಲಿ ಓಡಾಡೋಕೆ ಜಾಗ ಆದರೂ ಆಗುತ್ತೆ" ಎಂದರು.

ಸಾಹೇಬರಿಗೆ ಅಲ್ಲಿಯವರೆಗೆ ಇದ್ದದ್ದು ಹೆದರಿಕೆ. ಈಗ ಬಂದದ್ದು ನಾಚಿಕೆ. ಕಿವಿಯಿಂದ ಶುರುವಾಗಿ ಅಂಗಾಲಿನವರೆಗೆ ಸುಟ್ಟಿತು. ಕುರ್ಚಿಯಿಂದ ಎದ್ದು ನಿಂತರು.

"ಮೇಡಂ, ಅದು ನಾನು! ಎಪ್ಪತ್ತು ಆಟ ಆಡಿದ್ದು ನಾನು. ಅತ್ತೆ ದಿನಕ್ಕೆ ಮೂರೇ ಆಡಿದ್ದು. ಅವರಿಗೆ ಮರೆವಿಲ್ಲ, ಏನಿಲ್ಲ. ಕದ್ದು ಆಡಿದವನು ನಾನು. ಮೊನ್ನೆ ತಪ್ಪಾಗಿ ಹೇಳಿಕೊಟ್ಟವನೂ ನಾನೇ."

ಬೈಗುಳ ಸುರಿಯುತ್ತದೆ ಎಂದು ಸಾಹೇಬರು ಕಣ್ಣು ಮುಚ್ಚಿ ಕಾದರು. ಬೈಗುಳ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಹೆಂಡತಿಯ ಕಣ್ಣಲ್ಲಿ ನೀರು!

"ನಮ್ಮಮ್ಮನ ಮನಸ್ಸಿಗೆ ನೋವಾಗಬಾರದು ಅಂತ ಇಷ್ಟು ದೊಡ್ಡ ಸುಳ್ಳು ಹೇಳ್ತಿದ್ದೀರಾ? ನಿಮ್ಮನ್ನ ನಾನು ಏನೋ ಅಂದ್ಕೊಂಡಿದ್ದೆ ರೀ!"

ಮೇಡಂ ಕೂಡ ಮೃದುವಾಗಿ ನಕ್ಕರು. "ಮನೆಯವರು ಎಷ್ಟೋ ಸಲ ಹೀಗೆ ತಪ್ಪು ತಮ್ಮ ಮೇಲೆ ಹಾಕ್ಕೊಳ್ತಾರೆ. ನಿಮ್ಮ ಪ್ರೀತಿ ಅರ್ಥ ಆಗುತ್ತೆ. ಆದರೆ ಹತ್ತೊಂಬತ್ತು! ಎರಡೂ ಕೈ ಸರಿ ಇರೋ ಮನುಷ್ಯ ಇಷ್ಟು ಕಡಿಮೆ ತೆಗೆಯೋಕೆ ಸಾಧ್ಯವೇ ಇಲ್ಲ."

ಹದಿನೇಳು ವರ್ಷದ ಸಂಸಾರದಲ್ಲಿ ಹೆಂಡತಿ ಅವರನ್ನು ಹಾಗೆ ನೋಡಿರಲಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ಸಾಹೇಬರ ಮನಸ್ಸು ಆ ನೋಟದಲ್ಲಿ ಹಾಯಾಗಿ ಕಾಲು ಚಾಚಿ ಕುಳಿತಿತು. ಸುಮ್ಮನಿದ್ದರೆ ಆಯಿತು, ಮಹಾತ್ಮ! ಆದರೆ ಅತ್ತೆ ತಲೆಯೆತ್ತಿ ಅವರನ್ನೇ ನೋಡುತ್ತಿದ್ದರು. ಅದು ನಿಜವಾಗಿರಲಿ ಎಂದು ಆಸೆಪಡುವ ನೋಟ.

"ಆಡಿ ತೋರಿಸ್ತೀನಿ. ಇಲ್ಲೇ, ಈಗಲೇ" ಎಂದರು ಸಾಹೇಬರು.

ಮೇಡಂ ಕೋಣೆಯ ಪರದೆ ಬೇರೆಯವರ ಚಿಕಿತ್ಸೆಯಲ್ಲಿತ್ತು. ಖಾಲಿ ಇದ್ದದ್ದು ಹೊರಗಿನ ಹಾಲ್‌ನ ಗೋಡೆಯ ದೊಡ್ಡ ಟಿ.ವಿ. ಅಲ್ಲಿ ಬೆಂಚುಗಳ ಮೇಲೆ ಹತ್ತು ಹನ್ನೆರಡು ಜನ ಕುಳಿತಿದ್ದರು. ಕೈ ಕಟ್ಟಿದವರು, ಕಾಲು ಕಟ್ಟಿದವರು, ಊರುಗೋಲಿನವರು. ಎಲ್ಲರೆದುರು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸಾಹೇಬರು ಕುಳಿತರು. ಕೀಲಿವೀರ ಆಳೆತ್ತರ ನಿಂತ.

ಸಾಹೇಬರಿಗೆ ಈಗ ಬೇಕಾಗಿದ್ದದ್ದು ಕಡಿಮೆ ಅಂಕ. ಅದೇನು ಕಷ್ಟ? ಬೀಗ ಎಲ್ಲಿದ್ದರೂ ಬೇಕೆಂದೇ ತಪ್ಪು ಹೊತ್ತಿಗೆ ಒತ್ತಿದರು. ಬೇಗ ಅನ್ನಿಸಿದಾಗ ತಡಮಾಡಿದರು, ಸರಿ ಅನ್ನಿಸಿದಾಗ ಕೈ ಎತ್ತಿದರು. ಕೀಲಿವೀರ ಅಲ್ಲೊಂದು ಇಲ್ಲೊಂದು ಹೆಜ್ಜೆ ಕುಣಿದ. ಹಾಡು ಮುಗಿಯಿತು.

ನಲವತ್ತೊಂದು! ಅವರ ಜೀವಮಾನದ ಅತ್ಯುತ್ತಮ ಅಂಕ!

"ನೋಡಿದ್ರಾ?" ಎಂದರು ಮೇಡಂ. "ನಲವತ್ತೊಂದು. ಅದು ನೀವಲ್ಲ. ಬನ್ನಿ, ಸ್ಕ್ಯಾನಿಗೆ ಬರೆದುಕೊಡ್ತೀನಿ."

"ಇಲ್ಲ ಮೇಡಂ!" ಸಾಹೇಬರು ಹಲಗೆಯನ್ನು ಬಿಗಿಯಾಗಿ ಹಿಡಿದುಕೊಂಡರು. "ಬೇಕಂತಲೇ ತಪ್ಪು ಆಡಿದೆ, ಅದಕ್ಕೇ ಅಷ್ಟು ಬಂತು! ಇನ್ನೊಂದು ಸಲ ಬಿಡಿ. ಈ ಸಲ ಮನಸ್ಸಿಟ್ಟು, ಚೆನ್ನಾಗಿ ಆಡ್ತೀನಿ!"

ಬೆಂಚಿನ ಮೇಲಿದ್ದವರೆಲ್ಲ ಮುಂದಕ್ಕೆ ಸರಿದು ಕುಳಿತರು. ಸಾಹೇಬರು ತೋಳು ಮಡಚಿದರು, ಉಸಿರು ಬಿಗಿಹಿಡಿದರು. ಕಪಟವಿಲ್ಲ, ನಾಟಕವಿಲ್ಲ. ಮೂವತ್ತೆರಡು ವರ್ಷದ ಅನುಭವ, ಹದಿನಾಲ್ಕು ಭಾಗದ ಶೌರ್ಯ, ಇಪ್ಪತ್ತು ವರ್ಷದ ಗಡಿಯಾರದ ಕಸುಬು, ಎಲ್ಲವನ್ನೂ ಹತ್ತು ಬೆರಳಿಗೆ ತಂದುಕೊಂಡು ಆಡಿದರು. ಹಣೆಯ ಬೆವರು ಗುಂಡಿಯ ಮೇಲೆ ತೊಟ್ಟಿಕ್ಕಿತು. ಗೋಡೆಯ ತುಂಬ ಕೀಲಿವೀರ ಬಿದ್ದ, ಎದ್ದ, ಬಿದ್ದ. ಕೊನೆಗೆ ಏಳಲೇ ಇಲ್ಲ, ಬೀಗಾಸುರನೇ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ.

ಹದಿನೇಳು.

ಮೇಡಂ ಟಿ.ವಿ. ನೋಡಿದರು, ತಮ್ಮ ಕೈಯಲ್ಲಿದ್ದ ಕಾಗದ ನೋಡಿದರು, ಸಾಹೇಬರ ಕೈ ನೋಡಿದರು. "ಅಯ್ಯೋ ದೇವರೇ" ಎಂದರು. "ನಿಜವಾಗಿಯೂ ಇವರೇ!"

ಹೆಂಡತಿಯ ಕಣ್ಣಿನ ನೀರು ಯಾವಾಗ ಆರಿತೋ ಸಾಹೇಬರಿಗೆ ತಿಳಿಯಲಿಲ್ಲ. "ನಾಲ್ಕು ರಾತ್ರಿ" ಎಂದಳು ಮೆಲ್ಲಗೆ. ಕೂಗಿದ್ದರೆ ಎಷ್ಟೋ ವಾಸಿ ಇತ್ತು. "ನಾಲ್ಕು ರಾತ್ರಿ ಅಮ್ಮ ನಿದ್ದೆ ಮಾಡಿಲ್ಲ. ಎದುರಿಗೇ ಕೂತ್ಕೊಂಡು ಬ್ರೆಡ್ ತಿಂತಿದ್ರಲ್ಲ ರೀ!"

ಪಕ್ಕದ ಬೆಂಚಿನಲ್ಲಿ ಊರುಗೋಲು ಹಿಡಿದು ಕುಳಿತಿದ್ದ ಅಜ್ಜನೊಬ್ಬರು ಅವರ ಬೆನ್ನು ತಟ್ಟಿದರು. "ಧೈರ್ಯ ಬಿಡಬೇಡಪ್ಪ. ಮೊದಲನೇ ವಾರ ನನಗೂ ಹೀಗೇ ಇತ್ತು, ಈಗ ಎಪ್ಪತ್ತರವರೆಗೂ ಬರುತ್ತೆ. ನಿನಗೆ ಯಾವ ಕಡೆ ಹೊಡೀತು?"

ಆ ಅಜ್ಜನಿಗೆ ಏನೆಂದು ಹೇಳುವುದು? ಸಾಹೇಬರು ತಲೆ ತಗ್ಗಿಸಿ ಕುಳಿತರು.

ಆಮೇಲೆ ಹಲಗೆ ಅತ್ತೆಯ ತೊಡೆಗೆ ಹೋಯಿತು. "ಯಾರ ಮಾತನ್ನೂ ಕೇಳಬೇಡಿ, ನಿಮಗೆ ಬಂದ ಹಾಗೆ ಆಡಿ" ಎಂದರು ಮೇಡಂ. ಅತ್ತೆ ಎರಡು ಬೀಗಗಳನ್ನು ಸುಮ್ಮನೆ ಹೋಗಲು ಬಿಟ್ಟರು, ಮೂರನೆಯದರಿಂದ ಹಿಡಿದರು. ಅವಸರವಿಲ್ಲ, ಗಾಬರಿಯಿಲ್ಲ. ಬೀಗ ಬರುವವರೆಗೆ ಕಾಯುವುದು, ಬಂದಾಗ ಒತ್ತುವುದು. ತೊಂಬತ್ತು. ಬೆಂಚುಗಳೆಲ್ಲ ಚಪ್ಪಾಳೆ ತಟ್ಟಿದವು. ಸ್ಕ್ಯಾನ್ ರದ್ದಾಯಿತು. ಮೇಡಂ ಅತ್ತೆಯ ಕಡತದಲ್ಲಿ ಒಂದು ಸಾಲು ಬರೆದು ಸಾಹೇಬರ ಸಹಿ ಹಾಕಿಸಿಕೊಂಡರು: "ಈ ಎಪ್ಪತ್ತು ಆಟಗಳು ರೋಗಿಯವಲ್ಲ, ಆರೋಗ್ಯವಂತ ಅಳಿಯನವು." ನಲವತ್ತು ದಿನ ಕಾಯುವುದು ಬೇಡ, ಮೆಷಿನ್ ಇಂದಿನಿಂದಲೇ, ದಿನಕ್ಕೆ ಹತ್ತು ನಿಮಿಷ ಎಂದೂ ಹೇಳಿದರು.

ಮನೆಗೆ ಬಂದವರೇ ಅತ್ತೆ ದುಪ್ಪಟಿ ತೆಗೆದು ಮಡಚಿ, ಮೆಷಿನ್ನಿಗೆ ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ ನೋಡಿದರು. ಸಾಹೇಬರು ಬಾಗಿಲ ಬಳಿ ನಿಂತಿದ್ದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿ ಇಟ್ಟುಕೊಂಡಿದ್ದರು.

"ಅತ್ತೆ, ನಾನು..."

"ಅಂಗಿ ಬಿಚ್ಚಿ ಕೊಡಿ" ಎಂದರು ಅತ್ತೆ.

"ಹಾಂ?"

"ಅಂಗಿ. ಕಂಕುಳ ಹತ್ತಿರ ಹೊಲಿಗೆ ಬಿಟ್ಟಿದೆ. ನಾನು ಆಸ್ಪತ್ರೆಯಿಂದ ಬಂದ ದಿನದಿಂದ ನೋಡ್ತಾ ಇದ್ದೀನಿ. ಕೈ ಬಂದ ದಿನ ಮೊದಲು ಇದನ್ನೇ ಹೊಲೀಬೇಕು ಅಂತ ಮನಸ್ಸಲ್ಲಿ ಅಂದ್ಕೊಂಡಿದ್ದೆ."

ಸಾಹೇಬರು ತೋಳೆತ್ತಿ ನೋಡಿಕೊಂಡರು. ಎರಡು ಬೆರಳು ತೂರುವಷ್ಟು ಹರಿದಿತ್ತು. ಐದು ತಿಂಗಳಿಂದ ಹಾಕಿಕೊಂಡು ತಿರುಗುತ್ತಿದ್ದವರಿಗೆ ಅದು ಗೊತ್ತೇ ಇರಲಿಲ್ಲ. ಸೋತ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಈ ಹೆಂಗಸು ಒಂದೊಂದು ಬೀಗ ತೆರೆದದ್ದು ತಮ್ಮ ಈ ಹರಕು ಅಂಗಿಗಾಗಿ ಕೂಡ! ಕಣ್ಣು ಮಂಜಾಯಿತು. ನಾಚಿಕೆಯಿಂದ ಸಾಯುವುದು ಎಂದರೇನೆಂದು ಅವರಿಗೆ ಪೂರ್ತಿ ಅರ್ಥವಾದದ್ದು ಆಗಲೇ. ಅಂಗಿ ಬಿಚ್ಚಿ ಕೊಟ್ಟು, ಬನಿಯನ್ನಿನಲ್ಲಿ ಗೋಡೆಗೆ ಆನಿಕೊಂಡು ನಿಂತರು.

ಮೆಷಿನ್ ಶುರುವಾಯಿತು. ಟಕಟಕ ಟಕಟಕ, ಒಂದೇ ಸಮ. ಹೊಲಿಗೆಯ ಗೆರೆ ನೇರ ಹರಿಯಿತು. ಹೆಂಡತಿ ಒಳಗಿನಿಂದ ಓಡಿಬಂದು ಬಾಗಿಲಲ್ಲಿ ನಿಂತಳು. ಐದು ತಿಂಗಳಿಂದ ಸತ್ತಂತಿದ್ದ ಮನೆಗೆ ಜೀವ ಬಂದಂತಾಯಿತು. ಸಾಹೇಬರ ಎದೆ ಎಷ್ಟು ಹಗುರವಾಯಿತೆಂದರೆ, ತಮಗೇ ತಿಳಿಯದಂತೆ ಅವರ ಬಲಗಾಲು ಆ ಸದ್ದಿಗೆ ನೆಲವನ್ನು ತಟ್ಟತೊಡಗಿತು.

ಮೆಷಿನ್ ತಟ್ಟನೆ ನಿಂತಿತು.

ಅತ್ತೆಯವರು ತಿರುಗಲಿಲ್ಲ. ಸೂಜಿಯ ಮೇಲಿನ ಕಣ್ಣು ತೆಗೆಯದೆಯೇ ಹೇಳಿದರು: "ಅಳಿಯಂದಿರೇ, ದಯವಿಟ್ಟು ಆ ಕಾಲು ನಿಲ್ಲಿಸಿ. ಹೊಲಿಗೆ ತಪ್ಪುತ್ತೆ."